ಒಂದು ಇಂಚಿಗೆ ಒಂದು ಮಿಲಿಮೀಟರ್: ಕಿಟ್ ಕಾರನ್ನು ನಮ್ಮಿಷ್ಟದಂತೆ ಬದಲಿಸುವುದು

ಬಿಡಿಭಾಗಗಳನ್ನು ಅಂಟಿಸಿ ಪ್ಲಾಸ್ಟಿಕ್ಕಿನ ಪುಟ್ಟ ಮಾದರಿ ಕಾರು ಕಟ್ಟುವ ಡಬ್ಬಿಗೆ ಕಿಟ್ ಅನ್ನುತ್ತಾರೆ. ನಾನು ಕಿಟ್ ಕಟ್ಟುವ ಮೇಜಿನ ಅಂಚಿಗೆ ಒಂದು ಚೀಟಿ ಅಂಟಿಸಿದ್ದೇನೆ. ಅದರಲ್ಲಿ ಬರೆದಿರುವುದು ಇಷ್ಟೇ: 1 ಇಂಚು = 1 ಮಿ.ಮೀ. 1/25 ಅಳತೆಯ, ಅಂದರೆ ನಿಜದ ಕಾರಿನ ಇಪ್ಪತ್ತೈದನೇ ಒಂದು ಪಾಲಿನ, ಕಿಟ್‌ನಲ್ಲಿ ದೊಡ್ಡ ಕಾರಿನ ಒಂದು ಇಂಚು, ಅಂದರೆ 25.4 ಮಿ.ಮೀ., ಹೆಚ್ಚುಕಡಿಮೆ ಒಂದೇ ಮಿಲಿಮೀಟರ್ ಆಗಿಬಿಡುತ್ತದೆ. ಟಾಪ್, ಅಂದರೆ ಚಾವಣಿ, ನಾಲ್ಕು ಇಂಚು ತಗ್ಗಿಸಿದ ಕಾರು ಅಂತ ಎಲ್ಲೋ ಓದಿದರೆ ನಾನು ಕತ್ತರಿಸಬೇಕಾದದ್ದು ನಾಲ್ಕು ಮಿ.ಮೀ. ಬಾಗಿಲ ಹತ್ತಿರ ಅರ್ಧ ಮಿ.ಮೀ. ಸಂದು ಉಳಿದರೆ ದೊಡ್ಡ ಕಾರಿನಲ್ಲಿ ಅದು ಅರ್ಧ ಇಂಚು, ಕಿರುಬೆರಳು ತೂರುವಷ್ಟು. ಅಂಥ ಕಾರನ್ನು ಯಾರಾದರೂ ಷೋರೂಮಿನಿಂದ ತರುತ್ತಾರಾ? ಈ ಒಂದು ಲೆಕ್ಕ ತಲೆಯಲ್ಲಿ ಕೂತರೆ ಮುಂದಿನ ಕೆಲಸವೆಲ್ಲ ಅದರ ಹಿಂದೆಯೇ ಬರುತ್ತದೆ.

ಹಗಲು ನಾನು ಹಲ್ಲಿನ ಸೆಟ್ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಅಲ್ಲಿಯೂ ಇದೇ ಕಥೆ: ಹಚ್ಚಿ ನೋಡು, ತೆಗೆ, ಸ್ವಲ್ಪ ಕೆರೆ, ಮತ್ತೆ ಹಚ್ಚಿ ನೋಡು. ರಾತ್ರಿ ಮನೆಗೆ ಬಂದು ಮತ್ತದೇ ಮಾಡುತ್ತೀಯಲ್ಲ ಅಂತ ಮಗಳು ನಗುತ್ತಾಳೆ. ಒಂದು ವ್ಯತ್ಯಾಸವಿದೆ. ಕಾರು ಬಾಯಿ ತೆರೆದು ದೂರು ಹೇಳುವುದಿಲ್ಲ.

ಈ ಬರಹದಲ್ಲಿ ಹೇಳುವುದು ನಾನು ಕಳೆದ ಸಲ ಮುಗಿಸಿದ 1949ರ ಮರ್ಕ್ಯುರಿ ಕೂಪೆ ಬಗ್ಗೆ, ಅಂದರೆ ಫೋರ್ಡ್ ಕಂಪನಿಯ ಎರಡು ಬಾಗಿಲಿನ ಹಳೆಯ ಕಾರು. ನಿಮ್ಮ ಹತ್ತಿರ ಬೇರೆ ಕಾರಿದ್ದರೂ ಕ್ರಮ ಇದೇ.

ಯಾವ ಕಾರು, ಎಷ್ಟು ಬದಲಾವಣೆ

ಅಮೆರಿಕದ ಹಳೆಯ ಕಾರುಗಳ ಕಿಟ್ ಸಾಮಾನ್ಯವಾಗಿ 1/25, ಜಪಾನಿನವು 1/24. ಶೆಲ್ಫಿನ ಮೇಲೆ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಒಂದರ ಚಕ್ರ, ಟೈರು ಇನ್ನೊಂದಕ್ಕೆ ಹಾಕಿದರೂ ನಡೆಯುತ್ತದೆ. ನಾನಂತೂ ಹಾಕುತ್ತೇನೆ. ಹಳೆಯ ಕಿಟ್‌ಗಳಲ್ಲಿ ಇನ್ನೊಂದು ಅನುಕೂಲವಿದೆ. ಅಮೆರಿಕದ ಕಿಟ್ ತಯಾರಕ ಎಎಂಟಿ ಕಂಪನಿ 1958ರಿಂದಲೇ ಮೂರು ಬಗೆಯಲ್ಲಿ ಕಟ್ಟಬಹುದಾದ ಕಿಟ್ ಕೊಡಲು ಶುರು ಮಾಡಿತು. ಕಾರ್ಖಾನೆಯಿಂದ ಬಂದ ಹಾಗೆ, ಕಸ್ಟಮ್ (ನಮ್ಮಿಷ್ಟದಂತೆ ಬದಲಿಸಿದ್ದು), ಇಲ್ಲವೇ ರೇಸ್ ಕಾರು. ಡಬ್ಬಿಯಲ್ಲಿ ಎರಡು ಬಂಪರ್, ಎರಡು ಗ್ರಿಲ್, ಎರಡು ಜೊತೆ ಚಕ್ರ ಇರುತ್ತಿದ್ದವು. ಹಾಗಾಗಿ ಒಂದು ಕಾರು ಕಟ್ಟಿ ಮುಗಿಸಿದ ಮೇಲೂ ಒಂದಷ್ಟು ಬಿಡಿಭಾಗ ಉಳಿಯುತ್ತವೆ. ಅವನ್ನು ಎಸೆಯಬೇಡಿ. ನನ್ನ ಹತ್ತಿರ ಮೂರು ಡಬ್ಬಿ ತುಂಬ ಅಂಥವೇ ಇವೆ. ಈ ಮರ್ಕ್ಯುರಿಯ ಗ್ರಿಲ್ ಬಂದದ್ದು ಅಲ್ಲಿಂದಲೇ.

ಮರ್ಕ್ಯುರಿ ಆರಿಸಿದ್ದಕ್ಕೆ ಕಾರಣವಿದೆ. 1949ರಿಂದ 1951ರ ಮರ್ಕ್ಯುರಿ ಅಂದರೆ ಕಸ್ಟಮ್ ಮಾಡುವವರಿಗೆ ಬಹಳ ಪ್ರೀತಿ. ಮೈ ದಪ್ಪ, ಉರುಟು, ಕಿಟಕಿ ಮಾತ್ರ ಎತ್ತರ. ಆ ಕಿಟಕಿಯನ್ನು ಕಿರಿದು ಮಾಡಿಬಿಟ್ಟರೆ ಕಾರಿನ ಮುಖಭಾವವೇ ಬದಲಾಗುತ್ತದೆ. ಅಮೆರಿಕದಲ್ಲಿ ಕಾರು ಕಸ್ಟಮ್ ಮಾಡಿಕೊಡುತ್ತಿದ್ದ ಬ್ಯಾರಿಸ್ ಸಹೋದರರು ಬಾಬ್ ಹಿರೋಹಾಟಾ ಅನ್ನುವ ಗ್ರಾಹಕರಿಗಾಗಿ 1951ರ ಮರ್ಕ್ಯುರಿಯನ್ನು ಬದಲಿಸಿದಾಗ ಟಾಪ್ ತಗ್ಗಿಸಿದ್ದಷ್ಟೇ ಅಲ್ಲ, ಬಾಗಿಲ ಹಿಂದಿನ ಕಂಬವನ್ನೂ ತೆಗೆದರು. ಆ ಕಾರಿನ ಚಿತ್ರ ಒಮ್ಮೆ ನೋಡಿ. ಎಲ್ಲಿ ಏನು ಕತ್ತರಿಸಿದ್ದಾರೆ ಅಂತ ಹುಡುಕಿದರೂ ಸಿಗುವುದಿಲ್ಲ. ನಮಗೆ ಬೇಕಾದದ್ದು ಅದೇ ತಾನೇ.

ಮೊದಲ ಕಾರಿಗೆ ಮೂರಕ್ಕಿಂತ ಜಾಸ್ತಿ ಬದಲಾವಣೆ ಬೇಡ ಅಂತ ನನ್ನ ಅಭಿಪ್ರಾಯ. ಟಾಪ್ ತಗ್ಗಿಸಿ, ಮೈ ಮೇಲಿನ ಹಿಡಿಕೆ ಲಾಂಛನ ತೆಗೆಯಿರಿ, ಕಾರನ್ನು ನೆಲಕ್ಕೆ ಇಳಿಸಿ. ಅಷ್ಟು ಸಾಕು. ಡಬ್ಬಿಯಲ್ಲಿ ಇದೆ ಅಂತ ಸ್ಪಾಟ್‌ಲೈಟ್, ಬಾನೆಟ್ ಮೇಲೊಂದು ಗೂಡು, ಬೆಂಕಿಜ್ವಾಲೆಯ ಸ್ಟಿಕರ್ ಎಲ್ಲ ಹಾಕಿದರೆ ಜಾತ್ರೆಯ ತೇರು ಆಗುತ್ತದೆ.

ಕತ್ತರಿಸುವ ಮುಂಚೆ

ಬಿಡಿಭಾಗಗಳು ಒಂದು ಪ್ಲಾಸ್ಟಿಕ್ ಕಡ್ಡಿಯ ಚೌಕಟ್ಟಿಗೆ ಅಂಟಿಕೊಂಡು ಬರುತ್ತವೆ. ಅದಕ್ಕೆ ಸ್ಪ್ರೂ ಅನ್ನುತ್ತಾರೆ. ಮೊದಲು ಪೂರ್ತಿ ಚೌಕಟ್ಟನ್ನೇ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಚ್ಚಿದ ಜಿಡ್ಡು ಮೇಲೆ ಉಳಿದಿದ್ದರೆ ಬಣ್ಣ ಕಚ್ಚುವುದಿಲ್ಲ.

ಕಡ್ಡಿಯಿಂದ ಭಾಗವನ್ನು ಬಿಡಿಸುವಾಗ ಒಂದೇ ಏಟಿಗೆ ಮೈಗೆ ತಾಗಿಸಿ ಕತ್ತರಿಸಬೇಡಿ. ಮೊದಲು ಎರಡು ಮಿ.ಮೀ. ದೂರದಲ್ಲಿ ಕತ್ತರಿಸಿ, ಆಮೇಲೆ ಉಳಿದ ಮೊನೆಯನ್ನು ತೆಗೆದು ಅರದಿಂದ ಉಜ್ಜಿ. ಹತ್ತಿರಕ್ಕೇ ಕತ್ತರಿ ಹಾಕಿದರೆ ಪ್ಲಾಸ್ಟಿಕ್ ಒತ್ತಡಕ್ಕೆ ಬಿಳಿಚಿಕೊಂಡು ಗುಂಡಿ ಬೀಳುತ್ತದೆ. ಅಚ್ಚಿನ ಎರಡು ಹೋಳು ಸೇರಿದ ಕಡೆ ಕೂದಲಿನಷ್ಟು ತೆಳ್ಳನೆ ಗೆರೆ ಇರುತ್ತದೆ. ಮಡ್‌ಗಾರ್ಡ್ ನೆತ್ತಿಯ ಮೇಲೆ, ಕಿಟಕಿ ಕಂಬಗಳ ಮೇಲೆ ಬೆರಳಾಡಿಸಿದರೆ ಸಿಗುತ್ತದೆ. ಚಾಕುವಿನ ಬೆನ್ನನ್ನು ಅದರ ಮೇಲೆ ನೆಟ್ಟಗೆ ಹಿಡಿದು ಕೆರೆಯಿರಿ, ಪುಡಿಪುಡಿಯಾಗಿ ಉದುರುತ್ತದೆ. ಇದನ್ನು ಬಿಟ್ಟರೆ ಹೊಳೆಯುವ ಬಣ್ಣದ ಅಡಿಯಿಂದ ಆ ಗೆರೆ ಎದ್ದು ಕಾಣುತ್ತದೆ.

ಬಾಗಿಲು, ಡಿಕ್ಕಿಯ ಸಂದುಗಳನ್ನು ಈಗಲೇ ಆಳ ಮಾಡಿಕೊಳ್ಳಿ. ಚಾಕುವಿನ ತುದಿಯ ಬೆನ್ನಿನಿಂದ ನಾಲ್ಕೈದು ಸಲ ಹಗುರಾಗಿ ಎಳೆದರೆ ಸಾಕು. ಪ್ರೈಮರ್ (ಬಣ್ಣದ ಅಡಿಯ ಲೇಪ), ಬಣ್ಣ, ಕ್ಲಿಯರ್ (ಮೇಲಿನ ಪಾರದರ್ಶಕ ಲೇಪ) ಎಲ್ಲ ಸೇರಿ ಆ ಸಂದನ್ನು ತುಂಬುತ್ತವೆ. ಆಮೇಲೆ ಕೆರೆಯಲು ಹೋದರೆ ಬಣ್ಣ ಹಾಳು.

ಟಾಪ್ ತಗ್ಗಿಸುವುದು

ಕಾರನ್ನು ಪಕ್ಕದಿಂದ ನೋಡಿದ ಒಂದು ಫೋಟೋ ತೆಗೆದು ಕಿಟ್‌ನ ಅಳತೆಗೇ ಪ್ರಿಂಟ್ ಮಾಡಿ. ಕತ್ತರಿಯಿಂದ ಟಾಪ್ ಬೇರೆ ಮಾಡಿ, ಕಿಟಕಿಯ ನಡುವಿನಿಂದ ನಾಲ್ಕು ಮಿ.ಮೀ. ಪಟ್ಟಿ ತೆಗೆದು, ಕೆಳಗೆ ಜಾರಿಸಿ ಅಂಟಿಸಿ. ಚೆನ್ನಾಗಿಲ್ಲ ಅನ್ನಿಸಿದರೆ ಮೂರು ಮಾಡಿ, ಐದು ಮಾಡಿ. ಕಾಗದ ಹಾಳಾದರೆ ಹಾಳಾಗಲಿ ಬಿಡಿ.

ಕಾಗದದಲ್ಲೇ ಒಂದು ತೊಡಕು ಗೊತ್ತಾಗುತ್ತದೆ. ಮುಂದಿನ ಗಾಜಿನ ಕಂಬ ನೆಟ್ಟಗಿಲ್ಲ, ಹಿಂದಕ್ಕೆ ವಾಲಿದೆ. ಹಿಂದಿನದು ಮುಂದಕ್ಕೆ ವಾಲಿದೆ. ನಡುವಿನಿಂದ ಒಂದು ತುಂಡು ತೆಗೆದು ಟಾಪನ್ನು ನೆಟ್ಟಗೆ ಇಳಿಸಿದರೆ ಮೇಲಿನ ಕಂಬದ ತುದಿ ಕೆಳಗಿನ ಕಂಬದ ಮೇಲೆ ಕೂರುವುದಿಲ್ಲ. ಮುಂದೆ ನೋಡಿದರೆ ಹಿಂದಕ್ಕೆ ಸರಿದಿರುತ್ತದೆ, ಹಿಂದೆ ನೋಡಿದರೆ ಮುಂದಕ್ಕೆ. ಕಂಬ 45 ಡಿಗ್ರಿ ವಾಲಿದ್ದರೆ ನಾಲ್ಕು ಮಿ.ಮೀ. ಇಳಿಸಿದಾಗ ಸರಿಯುವುದೂ ನಾಲ್ಕು ಮಿ.ಮೀ. 30 ಡಿಗ್ರಿ ಆದರೆ 2.3 ಮಿ.ಮೀ. ಅಂದರೆ ತಗ್ಗಿದ ಟಾಪ್ ಹಳೆಯದಕ್ಕಿಂತ ಉದ್ದ ಇರಬೇಕು. ಇದು ಗೊತ್ತಿಲ್ಲದೆ ಕತ್ತರಿಸಿದವರು ಕಂಬಗಳನ್ನು ಬಗ್ಗಿಸಿ, ಪುಟ್ಟಿ ಮೆತ್ತಿ, ಕೊನೆಗೆ ಡಬ್ಬಿ ಮುಚ್ಚಿ ಮೇಲಿಡುತ್ತಾರೆ. ನಾನೂ ಒಂದನ್ನು ಇಟ್ಟಿದ್ದೇನೆ.

ನನ್ನ ದಾರಿ ಹೀಗೆ. ಟಾಪನ್ನು ಮೈಯಿಂದ ಬಿಡಿಸಿದ ಮೇಲೆ ಅದನ್ನೇ ಅಡ್ಡಕ್ಕೆ ಎರಡು ಹೋಳು ಮಾಡುತ್ತೇನೆ. ಮುಂದಿನ ಹೋಳನ್ನು ಮುಂದಿನ ಕಂಬಕ್ಕೆ ಕೂಡಿಸುತ್ತೇನೆ, ಹಿಂದಿನದನ್ನು ಹಿಂದಕ್ಕೆ. ನಡುವೆ ಉಳಿದ ಸಂದಿಗೆ ಟಾಪಿನಷ್ಟೇ ದಪ್ಪದ ಪ್ಲಾಸ್ಟಿಕ್ ಹಾಳೆಯ ಪಟ್ಟಿ. ಕೆಲಸ ಜಾಸ್ತಿ, ಆದರೆ ಕಂಬಗಳ ಓರೆ ಕೆಡುವುದಿಲ್ಲ.

ಕತ್ತರಿಸುವ ಮೊದಲು ಮೈಯ ಒಳಗೆ ಎಡ ಬಾಗಿಲಿನಿಂದ ಬಲ ಬಾಗಿಲಿಗೆ ಒಂದು ದಪ್ಪ ಸ್ಪ್ರೂ ಕಡ್ಡಿಯನ್ನು ಅಡ್ಡ ಅಂಟಿಸಿ. ಟಾಪ್ ಹೋದ ಕೂಡಲೇ ಮೈ ಬಾತುಕೊಳ್ಳುತ್ತದೆ, ಇಲ್ಲವೇ ಒಳಕ್ಕೆ ಮುದುಡುತ್ತದೆ. ಈ ಕಡ್ಡಿ ಅದನ್ನು ತಡೆಯುತ್ತದೆ. ಕೊನೆಯಲ್ಲಿ ಕಿತ್ತರಾಯಿತು.

ಈಗ ಗುರುತು. ತೆಳ್ಳನೆ ಮಾಸ್ಕಿಂಗ್ ಟೇಪನ್ನು ಕಿಟಕಿಗಳ ಸುತ್ತ ಒಂದೇ ಮಟ್ಟದಲ್ಲಿ ಅಂಟಿಸಿ. ಅದರ ಮೇಲೆ ನಾಲ್ಕು ಮಿ.ಮೀ. ಬಿಟ್ಟು ಇನ್ನೊಂದು ಸುತ್ತು. ನಡುವೆ ಕಾಣುವ ಪ್ಲಾಸ್ಟಿಕ್ ಹೋಗಬೇಕಾದದ್ದು. ಗರಗಸ ಆ ನಡುಭಾಗದಲ್ಲೇ ಓಡಲಿ, ಟೇಪಿನ ಅಂಚಿಗೆ ತಾಗಬಾರದು. ಗರಗಸವೇ ಕಾಲು ಮಿ.ಮೀ. ತಿನ್ನುತ್ತದೆ. ಎರಡು ಕಡೆ ಸೇರಿ ಅರ್ಧ ಮಿ.ಮೀ. ಹೋದರೆ, ಚೀಟಿ ನೆನಪಿದೆಯಲ್ಲ, ಅರ್ಧ ಇಂಚು. ಉಳಿದದ್ದನ್ನು ಅರದಿಂದ ಗೆರೆಯವರೆಗೆ ಉಜ್ಜಿ ತನ್ನಿ.

ಹಲ್ಲು ಸಣ್ಣಗಿರುವ ರೇಜರ್ ಗರಗಸ ಬೇಕು. ಒತ್ತಬೇಡಿ, ಗರಗಸದ ಭಾರವೇ ಸಾಕು. ಹಿಂದಿನ ದಪ್ಪ ಭಾಗ ಮೊದಲು, ಬಾಗಿಲ ಕಂಬ ಆಮೇಲೆ, ಮುಂದಿನ ಗಾಜಿನ ಕಂಬಗಳು ಕಟ್ಟಕಡೆಗೆ. ಅವು ಕಡ್ಡಿಯಷ್ಟು ಸಣ್ಣ, ಬೇರೆ ಕಡೆ ಗರಗಸ ಆಡಿಸುವಾಗ ಅಲುಗಾಡಿ ಮುರಿಯುತ್ತವೆ. ಕತ್ತರಿಸುವಾಗ ಅವುಗಳ ಹಿಂದೆ ಒಂದು ಉಂಡೆ ಜೇಡಿ ಒತ್ತಿ ಹಿಡಿಯಿರಿ.

ಕೂಡಿಸುವಾಗ ಬರೀ ಅಂಟು ನಂಬಬೇಡಿ. ಕಂಬದ ಎರಡೂ ತುದಿಗೆ ಕೈ ಬೈರಿಗೆಯಿಂದ 0.5 ಮಿ.ಮೀ. ತೂತು ಕೊರೆದು ಹಿತ್ತಾಳೆ ತಂತಿಯ ತುಂಡು ತೂರಿಸಿ. ಹಲ್ಲಿಗೆ ಪಿನ್ ಹಾಕುವ ಹಾಗೆಯೇ. ತಂತಿ ಇದ್ದರೆ ಕಂಬ ಆಮೇಲೆ ಉಜ್ಜುವಾಗ ಬಿರುಕು ಬಿಡುವುದಿಲ್ಲ. ಮುಂದಿನ ಎರಡು ಕಂಬ ಮೊದಲು ಹಚ್ಚಿ, ಟೇಪ್ ಹಾಕಿ ನಿಲ್ಲಿಸಿ. ಪೂರ್ತಿ ಅಂಟು ಹಾಕುವ ಮುನ್ನ ಕಾರನ್ನು ಕನ್ನಡಿಗೆ ಹಿಡಿಯಿರಿ. ನೇರವಾಗಿ ನೋಡಿದರೆ ಕಣ್ಣು ಓರೆಕೋರೆಗೆ ಒಗ್ಗಿಕೊಂಡಿರುತ್ತದೆ. ಕನ್ನಡಿಯಲ್ಲಿ ಎಡಬಲ ತಿರುಗಿದ ಕೂಡಲೇ ಒಂದು ಕಿಟಕಿ ಎತ್ತರ, ಒಂದು ಗಿಡ್ಡ ಅಂತ ಎದ್ದು ಹೊಡೆಯುತ್ತದೆ. ಮುಂದಿನ ಹಲ್ಲುಗಳ ಸಾಲು ನೆಟ್ಟಗಿದೆಯಾ ಅಂತ ನೋಡಲು ಲ್ಯಾಬ್‌ನಲ್ಲಿ ನಾನು ಇದನ್ನೇ ಮಾಡುತ್ತೇನೆ. ನನ್ನ ಮೊದಲ ಟಾಪ್ ಎಡಕ್ಕೆ ನಾಲ್ಕು, ಬಲಕ್ಕೆ ಮೂರೂವರೆ ಇಳಿದಿತ್ತು. ಕಾರು ಒಂದು ಕಣ್ಣು ಕಿರಿದು ಮಾಡಿ ನೋಡುತ್ತಿದೆ ಅಂತ ಕಂಡುಹಿಡಿದವಳು ಮಗಳೇ.

ಸಂದು ತುಂಬಲು ನಾನು ಅಂಗಡಿಯ ಪುಟ್ಟಿಗಿಂತ ಮೊದಲು ಸ್ಪ್ರೂ ಗಂಜಿ ಬಳಸುತ್ತೇನೆ. ಅದೇ ಕಿಟ್‌ನ ಕಡ್ಡಿಯನ್ನು ಚೂರುಚೂರು ಮಾಡಿ, ಅರ್ಧ ಖಾಲಿಯಾದ ತೆಳು ಪ್ಲಾಸ್ಟಿಕ್ ಅಂಟಿನ ಬಾಟಲಿಗೆ ಹಾಕಿ ಒಂದು ರಾತ್ರಿ ಬಿಟ್ಟರೆ ಕರಗಿ ಗಟ್ಟಿ ಗಂಜಿಯಾಗುತ್ತದೆ. ಆ ಅಂಟು ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವಂಥದ್ದು, ಹಾಗಾಗಿ ತುಂಬಿದ ಜಾಗವೂ ಸುತ್ತಲಿನ ಜಾಗವೂ ಒಂದೇ ಪ್ಲಾಸ್ಟಿಕ್ ಆಗುತ್ತವೆ, ಉಪ್ಪುಕಾಗದ ಎರಡನ್ನೂ ಒಂದೇ ಸಮ ತಿನ್ನುತ್ತದೆ. ತೊಂದರೆ ಒಂದೇ, ಆರಲು ದಿನಗಟ್ಟಲೆ ಬೇಕು. ನಾನು ಒಂದು ವಾರ ಮುಟ್ಟುವುದಿಲ್ಲ. ಮೇಲೆ ಗಟ್ಟಿ ಕಂಡರೂ ಒಳಗೆ ಮೆತ್ತಗಿರುತ್ತದೆ. ಅವಸರಕ್ಕೆ ಉಜ್ಜಿ ಬಣ್ಣ ಹೊಡೆದರೆ ತಿಂಗಳ ನಂತರ ಆ ಜಾಗ ಕುಗ್ಗಿ, ಸೇರಿಸಿದ ಗೆರೆ ದೆವ್ವದ ಹಾಗೆ ಮತ್ತೆ ಮೇಲೆ ಬರುತ್ತದೆ.

ಸಣ್ಣ ಗುಂಡಿಗೆ ಇನ್ನೊಂದು ಉಪಾಯ: ಸೂಪರ್‌ಗ್ಲೂ ಜೊತೆ ಸ್ವಲ್ಪ ಟಾಲ್ಕಮ್ ಪೌಡರ್. ಇದಕ್ಕೆ ತದ್ವಿರುದ್ಧ ನಿಯಮ. ಗಟ್ಟಿಯಾದ ಕೂಡಲೇ, ಒಂದು ಗಂಟೆಯೊಳಗೆ ಉಜ್ಜಿಬಿಡಿ. ರಾತ್ರಿ ಬಿಟ್ಟರೆ ಪ್ಲಾಸ್ಟಿಕ್ಕಿಗಿಂತ ಗಡಸಾಗಿ, ಉಜ್ಜಿದಾಗ ಸುತ್ತಲಿನದು ಸವೆದು ಅದು ಮಾತ್ರ ದಿಬ್ಬವಾಗಿ ನಿಲ್ಲುತ್ತದೆ.

ಉಪ್ಪುಕಾಗದ 400ರಿಂದ ಶುರು ಮಾಡಿ 600, ಆಮೇಲೆ 1000. ಅಂಕಿ ಹೆಚ್ಚಿದಷ್ಟೂ ಕಾಗದ ನುಣುಪು. ನೀರು ಹಚ್ಚಿಯೇ ಉಜ್ಜಿ. ಕಾಗದದ ಹಿಂದೆ ಚಪ್ಪಟೆ ಕಡ್ಡಿ ಇಟ್ಟುಕೊಳ್ಳಿ. ಬರೀ ಬೆರಳಾದರೆ ಬೆರಳಿನ ಆಕಾರಕ್ಕೆ ಹಳ್ಳ ಬೀಳುತ್ತದೆ.

ಗಾಜು ಮರೆಯಬೇಡಿ. ಕಿಟ್‌ನ ಗಾಜು ಈಗ ಹೊಂದುವುದಿಲ್ಲ. ಕಾಲು ಮಿ.ಮೀ. ದಪ್ಪದ ಪಾರದರ್ಶಕ ಹಾಳೆಯಿಂದ ಹೊಸದು ಕತ್ತರಿಸಬೇಕು. ಈ ಕಾರಿನ ಮುಂದಿನ ಗಾಜು ನಡುವೆ ಪಟ್ಟಿಯಿರುವ ಎರಡು ತುಂಡಿನದ್ದು, ಅದು ನಮ್ಮ ಪುಣ್ಯ. ಎರಡು ಚಪ್ಪಟೆ ತುಂಡು ಸಾಕಾಗುತ್ತದೆ. ಮೊದಲು ಕಾಗದದಲ್ಲಿ ಮಾದರಿ ಕತ್ತರಿಸಿ ಹೊಂದಿಸಿ, ಆಮೇಲೆ ಹಾಳೆ. ಅಂಟಿಸಲು ಬಿಳಿ ಅಂಟೇ ಇರಲಿ. ಸೂಪರ್‌ಗ್ಲೂ ಹಾಕಿದರೆ ಅದರ ಆವಿ ಗಾಜಿನ ಮೇಲೆ ಕೂತು ಮಂಜು ಹಿಡಿದ ಹಾಗಾಗುತ್ತದೆ, ಒರೆಸಿದರೆ ಹೋಗುವುದಿಲ್ಲ.

ಹಿಡಿಕೆ, ಲಾಂಛನ, ಹೆಡ್‌ಲೈಟ್

ಬಾಗಿಲ ಹಿಡಿಕೆ, ಬಾನೆಟ್ ಮೇಲಿನ ಲಾಂಛನ, ಹೆಸರಿನ ಅಕ್ಷರ ಎಲ್ಲ ತೆಗೆದು ಮೈ ನುಣ್ಣಗೆ ಮಾಡುವುದು ಸುಲಭದ ಕೆಲಸ. ಉಳಿಯಂಥ ಬ್ಲೇಡಿನಿಂದ ಸ್ವಲ್ಪ ಸ್ವಲ್ಪವೇ ಚೆಕ್ಕೆ ತೆಗೆದು ಉಜ್ಜಿ. ಲಾಂಛನ ಕೂರಿಸಲು ತೂತು ಇದ್ದರೆ ಅದಕ್ಕೆ ಸರಿಹೋಗುವ ಸ್ಪ್ರೂ ಕಡ್ಡಿ ತೂರಿಸಿ, ಅಂಟಿಸಿ, ಆರಿದ ಮೇಲೆ ಮಟ್ಟ ಮಾಡಿ. ಪುಟ್ಟಿ ತುಂಬಿದರೆ ಒಂದು ದಿನ ಒಳಕ್ಕೆ ಕುಸಿಯುತ್ತದೆ.

ಹೆಡ್‌ಲೈಟನ್ನು ಒಳಕ್ಕೆ ಹುದುಗಿಸುವುದು ನನಗೆ ಬಹಳ ಇಷ್ಟ. ಆ ಕಾಲದ ಅಮೆರಿಕದ ಕಾರುಗಳ ಸೀಲ್ಡ್ ಬೀಮ್ ದೀಪ, ಅಂದರೆ ಗಾಜು ಬಲ್ಬು ಒಂದೇ ತುಂಡಾಗಿರುವ ಹೆಡ್‌ಲೈಟ್, ಏಳು ಇಂಚು. ಹಾಗಾದರೆ ನಮಗೆ ಏಳು ಮಿ.ಮೀ. ಒಳ ಅಳತೆ ಏಳು, ಹೊರ ಅಳತೆ ಎಂಟು ಇರುವ ಪ್ಲಾಸ್ಟಿಕ್ ಕೊಳವೆಯ ಐದು ಮಿ.ಮೀ. ತುಂಡು ಬೇಕು. ದೀಪದ ಜಾಗವನ್ನು ಉರುಟು ಅರದಿಂದ ಅಗಲ ಮಾಡಿ, ಕೊಳವೆ ತೂರಿಸಿ, ಅಂಚು ಮಾತ್ರ ಹೊರಗೆ ಇಣುಕುವಂತೆ ನಿಲ್ಲಿಸಿ, ಸುತ್ತ ಸ್ಪ್ರೂ ಗಂಜಿ ಹಚ್ಚಿ ಮಡ್‌ಗಾರ್ಡಿಗೆ ಬೆಸೆಯಿರಿ. ಎರಡೂ ಕೊಳವೆಗೆ ಒಂದೇ ಉದ್ದದ ಕಡ್ಡಿ ತೂರಿಸಿ ಮುಂದಕ್ಕೆ ಚಾಚಿದರೆ ಎರಡು ದೀಪವೂ ಒಂದೇ ಕಡೆ ನೋಡುತ್ತಿವೆಯಾ ಅಂತ ಗೊತ್ತಾಗುತ್ತದೆ. ಇಲ್ಲದಿದ್ದರೆ ಮೆಳ್ಳಗಣ್ಣು.

ಕಾರನ್ನು ನೆಲಕ್ಕೆ ಇಳಿಸುವುದು

ಹಿಂದೆ ಲೀಫ್ ಸ್ಪ್ರಿಂಗಿನ ಮೇಲೆ ಆಕ್ಸಲ್ ಕೂತಿದ್ದರೆ ಎರಡರ ನಡುವೆ ಮೂರು ಮಿ.ಮೀ. ಪ್ಲಾಸ್ಟಿಕ್ ತುಂಡು ಇಡಿ. ಆಕ್ಸಲ್ ಮೇಲೇರುತ್ತದೆ, ಕಾರು ಕೆಳಗೆ ಇಳಿಯುತ್ತದೆ. ದೊಡ್ಡ ಕಾರಿನಲ್ಲೂ ಮಾಡುವುದು ಇದನ್ನೇ. ಮುಂದೆ ಚಕ್ರ ಕೂರುವ ಮೊಳೆಯನ್ನು ಕತ್ತರಿಸಿ ಮೂರು ಮಿ.ಮೀ. ಮೇಲೆ ತೂತು ಕೊರೆದು ತಂತಿ ಹಾಕಿ. ಅಂಟು ಹಾಕುವ ಮುನ್ನ ಮೈಯನ್ನು ಟೇಪಿನಿಂದ ಷಾಸಿಗೆ ಕಟ್ಟಿ, ನಾಲ್ಕೂ ಚಕ್ರ ಹಾಕಿ, ಗಾಜಿನ ಮೇಲೆ ನಿಲ್ಲಿಸಿ ನೋಡಿ. ಮೂರು ಚಕ್ರ ನೆಲ ಮುಟ್ಟಿ ನಾಲ್ಕನೆಯದು ಗಾಳಿಯಲ್ಲಿದ್ದರೆ ಈಗಲೇ ಸರಿ ಮಾಡಿ. ಒಂದು ಕಾಗದದ ಚೂರನ್ನು ಪ್ರತಿ ಟೈರಿನ ಅಡಿಗೆ ತೂರಿಸಲು ನೋಡಿದರೆ ಗೊತ್ತಾಗುತ್ತದೆ.

ಬಣ್ಣ

ನನ್ನ ಅತಿ ದೊಡ್ಡ ಸೋಲು ಬಣ್ಣದಲ್ಲೇ. ಒಂದು ಹಳೆಯ ಕೂಪೆಗೆ ಎನಾಮೆಲ್ ಹೊಡೆದು ಎರಡು ದಿನ ಒಣಗಿಸಿ, ಮೇಲೆ ಲ್ಯಾಕರ್ ಕ್ಲಿಯರ್ ಹೊಡೆದೆ. ಐದು ನಿಮಿಷದಲ್ಲಿ ಬಾನೆಟ್ ಪೂರ್ತಿ ಹಾಲಿನ ಕೆನೆ ಸುಕ್ಕುಗಟ್ಟಿದ ಹಾಗೆ ಮುದುಡಿತು. ನಾನು ಕ್ಯಾನ್ ಹಿಡಿದುಕೊಂಡು ಸುಮ್ನೆ ನೋಡುತ್ತಾ ನಿಂತಿದ್ದೆ. ಲ್ಯಾಕರ್ ಒಳಗಿನ ದ್ರಾವಕ ಖಾರ, ಅದು ಅಡಿಯ ಎನಾಮೆಲ್ಲನ್ನು ಮತ್ತೆ ಮೆತ್ತಗೆ ಮಾಡಿ ಎಬ್ಬಿಸುತ್ತದೆ. ಲ್ಯಾಕರ್ ಅಡಿಗೆ, ಎನಾಮೆಲ್ ಮೇಲೆ ಆದರೆ ತೊಂದರೆ ಇಲ್ಲ. ತಲೆಕೆಳಗಾಗಬಾರದು. ಅದಕ್ಕಿಂತ ಒಳ್ಳೆಯದು, ಪ್ರೈಮರಿನಿಂದ ಕ್ಲಿಯರ್‌ವರೆಗೆ ಒಂದೇ ಜಾತಿಯ ಬಣ್ಣ ಬಳಸುವುದು. ಯಾವುದೇ ಆದರೂ ಒಂದು ಚಮಚದ ಬೆನ್ನಿಗೆ ಹೊಡೆದು ನೋಡಿದ ಮೇಲೆಯೇ ಕಾರಿಗೆ. ಪ್ಲಾಸ್ಟಿಕ್ ಚಮಚದ ಬೆನ್ನು ಮಡ್‌ಗಾರ್ಡಿನ ಹಾಗೆಯೇ ಉಬ್ಬಿರುತ್ತದೆ, ಬಣ್ಣ ಹೇಗೆ ಕಾಣುತ್ತದೆ ಅಂತಲೂ ತಿಳಿಯುತ್ತದೆ.

ಮರ್ಕ್ಯುರಿಗೆ ಕ್ಯಾಂಡಿ ಕೆಂಪು ಹೊಡೆದೆ. ಕ್ಯಾಂಡಿ ಅಂದರೆ ಅಡಿಯಲ್ಲಿ ಬೆಳ್ಳಿ ಅಥವಾ ಚಿನ್ನದ ಬಣ್ಣ, ಅದರ ಮೇಲೆ ಪಾರದರ್ಶಕ ಕೆಂಪು. ಬೆಳಕು ಕೆಂಪಿನ ಒಳಗೆ ಹೋಗಿ, ಅಡಿಯ ಬೆಳ್ಳಿಗೆ ಬಡಿದು ವಾಪಸ್ ಬರುತ್ತದೆ. ಅದಕ್ಕೇ ಆ ಆಳ. ಪ್ರತಿ ಕೋಟಿಗೂ ಕೆಂಪು ಗಾಢವಾಗುತ್ತಾ ಹೋಗುವುದರಿಂದ ಒಂದು ಕಡೆ ಮೂರು ಕೋಟು, ಇನ್ನೊಂದು ಕಡೆ ನಾಲ್ಕು ಬಿದ್ದರೆ ಪಟ್ಟೆಪಟ್ಟೆ. ನಾನು ಎಣಿಸುತ್ತಾ ಹೊಡೆಯುತ್ತೇನೆ. ಬಾನೆಟ್ ಮೈಯಿಂದ ಬೇರೆ ಇದ್ದರೂ ಅದನ್ನು ಅದರ ಜಾಗದಲ್ಲೇ ಕೂರಿಸಿ ಹೊಡೆಯಬೇಕು. ಬೆಳ್ಳಿಯ ಕಣ ಆದಷ್ಟು ನುಣುಪಾಗಿರಲಿ. ದಪ್ಪ ಕಣದ ಮೆಟಾಲಿಕ್ ಹೊಡೆದರೆ ಆಟಿಕೆಯ ಹಾಗೆ ಕಾಣುತ್ತದೆ. ನಿಜದ ಕಾರಿನಲ್ಲಿ ಆ ಕಣ ಇಪ್ಪತ್ತೈದು ಪಟ್ಟು ಅಂತ ಯೋಚಿಸಿ.

ಕ್ಯಾನನ್ನು ಬಳಸುವ ಮುಂಚೆ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಇಡಿ. ಬಿಸಿನೀರಲ್ಲ, ಒಲೆಯ ಹತ್ತಿರವಂತೂ ಬೇಡವೇ ಬೇಡ. ಒಳಗಿನ ಒತ್ತಡ ಏರಿ ಹನಿಗಳು ಸಣ್ಣಗೆ ಬರುತ್ತವೆ. 15ರಿಂದ 20 ಸೆಂ.ಮೀ. ದೂರ. ಕಾರಿನ ಆಚೆ ಶುರು ಮಾಡಿ, ಕಾರನ್ನು ದಾಟಿದ ಮೇಲೆ ನಿಲ್ಲಿಸಿ. ಮೊದಲ ಎರಡು ಕೋಟು ಹಿಮದ ಹಾಗೆ ತೆಳ್ಳಗೆ, ಅಡಿಯ ಬಣ್ಣ ಕಾಣುತ್ತಲೇ ಇರಲಿ. ಮಳೆ ಹಿಡಿದ ದಿನ ಲ್ಯಾಕರ್ ಮುಟ್ಟಬೇಡಿ. ಗಾಳಿಯ ತೇವ ಬಣ್ಣದೊಳಗೆ ಸಿಕ್ಕಿ ಬೂದಿ ಬಳಿದ ಹಾಗೆ ಬಿಳಿಚುತ್ತದೆ. ಕಿಟಕಿ ತೆರೆದಿರಲಿ. ಮುಖಕ್ಕೆ ಆವಿ ತಡೆಯುವ ಮಾಸ್ಕ್ ಇರಲಿ, ಬಟ್ಟೆಯ ಮಾಸ್ಕ್ ಅದನ್ನು ತಡೆಯುವುದಿಲ್ಲ.

ಕಿಟ್‌ನ ಪ್ಲಾಸ್ಟಿಕ್ಕೇ ಕೆಂಪಾಗಿದ್ದು ನಿಮಗೆ ಬಿಳಿ ಕಾರು ಬೇಕಿದ್ದರೆ ಅಡಿಗೆ ಒಂದು ಕೋಟು ಬೆಳ್ಳಿ ಹೊಡೆಯಿರಿ. ಇಲ್ಲದಿದ್ದರೆ ಕೆಂಪು ಮೇಲಕ್ಕೆ ಒಸರಿ ಎರಡು ದಿನಕ್ಕೆ ಗುಲಾಬಿ ಕಾರು ಸಿದ್ಧ.

ಒಣಗಿದೆಯಾ ಅಂತ ಮುಟ್ಟಿ ನೋಡಬೇಡಿ, ಮೂಸಿ ನೋಡಿ. ಮೂಗಿಗೆ ಬಣ್ಣದ ವಾಸನೆ ಬರುತ್ತಿದ್ದರೆ ಇನ್ನೂ ಒಣಗುತ್ತಿದೆ ಅಂತಲೇ ಅರ್ಥ. ವಾಸನೆ ಪೂರ್ತಿ ಹೋದ ಮೇಲೆ ಪಾಲಿಶ್ ಬಟ್ಟೆ, 3000ರಿಂದ ಮೇಲಕ್ಕೆ, ನೀರು ಹಚ್ಚಿ. ಮಡ್‌ಗಾರ್ಡಿನ ಅಂಚು, ಬಾಗಿಲ ಸಂದಿನ ಅಂಚು ಇವುಗಳ ಮೇಲೆ ಉಜ್ಜಬೇಡಿ. ಬಣ್ಣ ಅಲ್ಲಿಯೇ ಎಲ್ಲಕ್ಕಿಂತ ತೆಳು, ಎರಡು ಉಜ್ಜಿಗೆ ಬೆಳ್ಳಿ ಕಾಣಿಸುತ್ತದೆ. ನಾನು ಆ ಅಂಚುಗಳಿಗೆ ಟೇಪ್ ಹಾಕಿಕೊಳ್ಳುತ್ತೇನೆ.

ಕ್ರೋಮ್

ಕಿಟ್‌ನ ಕ್ರೋಮ್ ಭಾಗಗಳು ಜಾಸ್ತಿ ಹೊಳೆಯುತ್ತವೆ, ಅಚ್ಚಿನ ಗೆರೆಯೂ ಅದರಲ್ಲಿ ಎದ್ದು ಕಾಣುತ್ತದೆ. ಬಟ್ಟೆಗೆ ಹಾಕುವ ಬ್ಲೀಚ್‌ನಲ್ಲಿ ಮುಳುಗಿಸಿದರೆ ಲೇಪ ಬಿಟ್ಟುಹೋಗುತ್ತದೆ. ಕೈಗವಸು ಹಾಕಿ. ಬ್ಲೀಚ್ ಜೊತೆ ಆಸಿಡ್, ಅಮೋನಿಯಾ ಇರುವ ಯಾವ ಕ್ಲೀನರ್ ಕೂಡ ಸೇರಬಾರದು, ವಿಷದ ಗಾಳಿ ಬರುತ್ತದೆ. ಗೆರೆ ತೆಗೆದು, ಹೊಳೆಯುವ ಕಪ್ಪು ಹೊಡೆದು, ಮೇಲೆ ಕ್ರೋಮ್ ಬಣ್ಣ. ಕ್ರೋಮ್ ಹಾಗೇ ಉಳಿಸಿಕೊಳ್ಳುವುದಾದರೆ ಅಂಟು ಹಚ್ಚುವ ಜಾಗದಲ್ಲಿ ಮಾತ್ರ ಕೆರೆಯಿರಿ. ಪ್ಲಾಸ್ಟಿಕ್ ಅಂಟು ಕ್ರೋಮ್ ಮೇಲೆ ಹಿಡಿಯುವುದಿಲ್ಲ.

ಕಿಟಕಿಯ ಸುತ್ತಿನ ಪಟ್ಟಿಗೆ ಹಿಂದೆ ಅಂಟಿರುವ ತೆಳು ಲೋಹದ ಹಾಳೆ, ಬೇರ್-ಮೆಟಲ್ ಫಾಯಿಲ್, ಬಳಸುತ್ತೇನೆ. ಪಟ್ಟಿಗಿಂತ ಅಗಲ ಕತ್ತರಿಸಿ, ಹಾಸಿ, ಹತ್ತಿ ಕಡ್ಡಿಯಿಂದ ಉಜ್ಜಿ ಕೂರಿಸಿ, ಹೊಸ ಬ್ಲೇಡಿನಿಂದ ಅಂಚಿಗೆ ಗೀರಿ. ಹಳೆಯ ಬ್ಲೇಡ್ ಹಾಳೆಯನ್ನು ಹರಿಯುತ್ತದೆ. ಉಳಿಸಿಕೊಂಡ ಹೆಸರಿನ ಅಕ್ಷರಗಳೇನಾದರೂ ಇದ್ದರೆ ಒಂದು ಗುಟ್ಟು: ಬಣ್ಣ ಹೊಡೆಯುವ ಮೊದಲೇ ಅವುಗಳ ಮೇಲೆ ಫಾಯಿಲ್ ಹಾಕಿ. ಬಣ್ಣ ಆದ ಮೇಲೆ ತಿನ್ನರ್ ಸೋಕಿಸಿದ ಹಲ್ಲುಕಡ್ಡಿಯಿಂದ ಅಕ್ಷರದ ನೆತ್ತಿಯನ್ನಷ್ಟೇ ಒರೆಸಿದರೆ ಬಣ್ಣ ಹೋಗಿ ಬೆಳ್ಳಿ ಅಕ್ಷರ ಮೇಲೆ ಬರುತ್ತದೆ. ಕೈಯಿಂದ ಬಣ್ಣ ತುಂಬಿ ಅಷ್ಟು ಚಂದ ಬರಿಸಲು ಆಗುವುದಿಲ್ಲ.

ಗ್ರಿಲ್ಲಿಗೆ ನೀರಾಗಿಸಿದ ಕಪ್ಪು ಬಣ್ಣ ಬಿಡಿ. ಸಂದುಗಳಿಗೆ ತಾನೇ ಹರಿಯುತ್ತದೆ.

ಎಂಜಿನ್, ಒಳಾಂಗಣ

ಮರ್ಕ್ಯುರಿಯದು ಫ್ಲಾಟ್‌ಹೆಡ್ ವಿ8, ಅಂದರೆ ಚಪ್ಪಟೆ ಹೆಡ್ಡಿನ ಎಂಟು ಸಿಲಿಂಡರ್ ಎಂಜಿನ್. ಪ್ಲಗ್‌ಗಳು ಹೆಡ್‌ನ ನೆತ್ತಿಯ ಮೇಲೇ ಕಾಣುವುದರಿಂದ ವೈರ್ ಹಾಕಿದರೆ ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುತ್ತದೆ. ನಿಜದ ವೈರ್ ಏಳೆಂಟು ಮಿ.ಮೀ. ದಪ್ಪ, ನಮಗೆ 0.3 ಮಿ.ಮೀ. ಹಾಳಾದ ಇಯರ್‌ಫೋನ್ ಬಿಚ್ಚಿದರೆ ಒಳಗೆ ಸಿಗುವ ತಂತಿ ಹೆಚ್ಚುಕಡಿಮೆ ಅಷ್ಟೇ. ಫೋರ್ಡ್ ಫ್ಲಾಟ್‌ಹೆಡ್‌ನ ಫೈರಿಂಗ್ ಆರ್ಡರ್, ಅಂದರೆ ಸಿಲಿಂಡರುಗಳಿಗೆ ಕಿಡಿ ಹೋಗುವ ಸರದಿ, 1-5-4-8-6-3-7-2. ನೋಡುವವರು ಯಾರೂ ಲೆಕ್ಕ ಹಾಕುವುದಿಲ್ಲ. ಆದರೂ ನಾನು ಆ ಪ್ರಕಾರವೇ ಹಾಕುತ್ತೇನೆ, ತಪ್ಪಾಗಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ಒಳಗೆ ಸೀಟಿಗೆ ಎರಡು ಬಣ್ಣ, ನೆಲಕ್ಕೆ ಬಿಳಿ ಅಂಟು ಬಳಿದು ಮೇಲೆ ಮಖಮಲ್ಲಿನ ಪುಡಿ ಉದುರಿಸಿದರೆ ಕಾರ್ಪೆಟ್. ಒಳಗಿನ ಯಾವುದಕ್ಕೂ ಹೊಳಪು ಬೇಡ. ಟಾಪ್ ತಗ್ಗಿದ ಮೇಲೆ ಸೀಟಿನ ಬೆನ್ನು ಕಿಟಕಿಯಿಂದ ಮೇಲೆ ಇಣುಕುತ್ತದೆ, ಅಡಿಯಿಂದ ಎರಡು ಮಿ.ಮೀ. ಉಜ್ಜಿ ತಗ್ಗಿಸಿ. ಇದನ್ನು ಗಾಜು ಅಂಟಿಸುವ ಮುಂಚೆ ನೋಡಿಕೊಳ್ಳಬೇಕು. ನಾನು ಆಮೇಲೆ ನೋಡಿದೆ, ಎರಡು ಗಾಜು ಮತ್ತೆ ಕತ್ತರಿಸಿದೆ.

ಟೈರಿನ ವಿಷಯ ಒಂದಿದೆ. ಹಳೆಯ ಕಿಟ್‌ಗಳ ಮೆತ್ತನೆ ವಿನೈಲ್ ಟೈರು ವರ್ಷಗಟ್ಟಲೆ ಪ್ಲಾಸ್ಟಿಕ್ ಚಕ್ರಕ್ಕೆ ತಾಗಿಕೊಂಡಿದ್ದರೆ ಒಳಗಿನ ಎಣ್ಣೆಯಂಥ ಅಂಶ ಒಸರಿ ಚಕ್ರವನ್ನೇ ಕರಗಿಸುತ್ತದೆ. ಡಬ್ಬಿಯಲ್ಲಿ ಟೈರನ್ನು ಮೈ ಮೇಲೆ ಬಿಟ್ಟರೂ ಅದೇ ಗತಿ, ಬಾನೆಟ್ ಮೇಲೆ ಟೈರಿನ ಅಚ್ಚು ಬೀಳುತ್ತದೆ. ರಿಮ್ಮಿನ ಅಂಚಿಗೆ ಫಾಯಿಲ್ ಸುತ್ತಿ ಆಮೇಲೆ ಟೈರು ಹಾಕಿ. ಹೊಸ ಟೈರಿನ ಮೇಲ್ಮೈ ತೀರಾ ಮಿಂಚುತ್ತದೆ, ನೆಲ ಮುಟ್ಟುವ ಭಾಗವನ್ನು 400ರ ಕಾಗದದ ಮೇಲೆ ನಾಲ್ಕು ಸಲ ಉರುಳಿಸಿದರೆ ಓಡಾಡಿದ ಕಾರಿನ ಟೈರಾಗುತ್ತದೆ.

ನನ್ನ ಮರ್ಕ್ಯುರಿ ಮೊದಲ ಕತ್ತರಿಯಿಂದ ಕೊನೆಯ ಟೈರಿನವರೆಗೆ ನಾಲ್ಕು ತಿಂಗಳು ತಿಂದಿತು. ಅದರಲ್ಲಿ ಅರ್ಧಕ್ಕರ್ಧ ಒಣಗಲಿ ಅಂತ ಕಾದದ್ದೇ. ಈಗ ಶೆಲ್ಫಿನ ಮೇಲೆ, ಅದೇ ಕಾರಿನ ಏನೂ ಬದಲಿಸದ ಇನ್ನೊಂದು ಕಿಟ್ ಪಕ್ಕ ನಿಂತಿದೆ. ಮೊನ್ನೆ ಮಗಳು ಸ್ಕೇಲ್ ತಂದು ಎರಡರ ಎತ್ತರ ಅಳೆದಳು. ಟಾಪಿಗೆ ನಾಲ್ಕು, ಸ್ಪ್ರಿಂಗಿಗೆ ಮೂರು, ಒಟ್ಟು ಏಳು ಬರಬೇಕಿತ್ತು. ಆರೂವರೆ ಬಂತು. ಆ ಅರ್ಧ ಇಂಚು ಎಲ್ಲಿ ಹೋಯಿತು ಅಂತ ಹುಡುಕುತ್ತಿದ್ದೇನೆ.